ಗೆರೆ ಎಳೆದವರ ಹೆಸರು

ನನ್ನ ಮೇಷ್ಟ್ರಿಗೆ,

ಕೋಪದಲ್ಲಿ ಕಾಗದ ಬರೆಯಬಾರದು ಎಂದು ನೀವೇ ಹೇಳಿಕೊಟ್ಟವರು. ನಾಲ್ಕು ದಿನ ಬಿಟ್ಟು ಬರಿ, ಅರ್ಧ ಸಿಟ್ಟು ತಾನಾಗಿ ಇಳಿದಿರುತ್ತೆ ಎನ್ನುತ್ತಿದ್ದಿರಿ. ಹನ್ನೊಂದು ದಿನ ಕಾದೆ. ಇಳಿಯಲಿಲ್ಲ. ನೀವು ಹೋಗಿ ಮೂರು ವರ್ಷವಾದ ಮೇಲೆ ನಿಮ್ಮ ಮೇಲೆ ಹೀಗೆ ರೇಗಬೇಕಾಗುತ್ತದೆ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಸತ್ತವರ ಹತ್ತಿರ ಜಗಳಕ್ಕೆ ಕೂತರೆ ಅವರು ಒಂದು ಮಾತೂ ತಿರುಗಿ ಆಡುವುದಿಲ್ಲವಲ್ಲ, ಅದು ಇನ್ನೂ ಮೈ ಉರಿಸುತ್ತದೆ. ಪೂರ್ತಿ ಓದಿ. ಅರ್ಧಕ್ಕೇ ಮಡಿಚಿ ಜೇಬಿಗೆ ಹಾಕಿಕೊಂಡು, "ಆಯ್ತು ಕಣಮ್ಮ, ಬುಡು ಅತ್ಲಾಗೆ" ಅನ್ನಬೇಡಿ.

ನೀವು ನನ್ನನ್ನು ಮೊದಲು ರೇಡಿಯೊ ನಿಲಯಕ್ಕೆ ಕರೆದುಕೊಂಡು ಹೋದ ದಿನ ನೆನಪಿದೆಯೇ? ಆಗಿನ್ನೂ ಕಾಲೇಜಿನಲ್ಲಿದ್ದೆ. ಆಟಗಳಿಗೇ ಅಂತ ಸರ್ಕಾರ ಒಂದು ರೇಡಿಯೊ ಮಾಡಿದೆಯಂತೆ, ಅದೂ ನಮ್ಮ ಮೈಸೂರಿನಲ್ಲಿ, ಎಂದಾಗ ನಾನು ದೊಡ್ಡ ಕಟ್ಟಡ, ಗಾಜಿನ ಬಾಗಿಲು ಎಂದೆಲ್ಲ ಊಹಿಸಿಕೊಂಡು ಸಿದ್ಧಾರ್ಥನಗರದಿಂದ ಇದ್ದುದರಲ್ಲಿ ಒಳ್ಳೆಯ ಚೂಡಿದಾರ ಹಾಕಿಕೊಂಡು ಬಂದಿದ್ದೆ. ನೋಡಿದರೆ ಕ್ರೀಡಾಂಗಣದ ಗ್ಯಾಲರಿ ಮೆಟ್ಟಿಲುಗಳ ಕೆಳಗಿನ ಎರಡು ಕೋಣೆ. ಮೇಲೆ ಯಾರಾದರೂ ನಡೆದರೆ ಧಡಧಡ ಸದ್ದು ನೇರವಾಗಿ ಪ್ರಸಾರವಾಗುತ್ತಿತ್ತು. ಮೊಟ್ಟೆಯ ಟ್ರೇಗಳನ್ನು ಗೋಡೆಗೆ ಅಂಟಿಸಿ ಸ್ಟುಡಿಯೊ ಅಂತ ಬೋರ್ಡು ಹಾಕಿದ್ದರು. ನೀವು ಅದನ್ನು ಅರಮನೆ ತೋರಿಸುವ ಹಾಗೆ ತೋರಿಸಿದಿರಿ. ಸರ್ಕಾರಿ ಶಾಲೆಯ ಪಿ.ಟಿ. ಮೇಷ್ಟ್ರು, ಇಲವಾಲದಿಂದ ದಿನಾ ಬಸ್ಸಿನಲ್ಲಿ ಬರುವವರು, ಕತ್ತಿನಲ್ಲಿ ಶಾಲೆಯ ವಿಷಲ್ಲು ತೆಗೆಯುವುದನ್ನೂ ಮರೆತು ಮೈಕಿನ ಮುಂದೆ ಕೂತಿದ್ದಿರಿ. ನಾನು ಪಕ್ಕದಲ್ಲಿ ಕೂತು ಅಂಕಗಳನ್ನು ಚೀಟಿಯಲ್ಲಿ ಬರೆದು ನಿಮ್ಮ ಕಡೆ ತಳ್ಳಬೇಕಿತ್ತು. ಅದೇ ನನ್ನ ಮೊದಲ ಕೆಲಸ.

ಅವತ್ತು ಪಂದ್ಯ ಶುರುವಾಗುವ ಮುಂಚೆ ನೀವು ಆಡಿದ ಮೊದಲ ವಾಕ್ಯ ಕೇಳಿ ನನಗೆ ನಗು ಬಂದಿತ್ತು. "ಇವತ್ತು ಮೈದಾನಕ್ಕೆ ಗೆರೆ ಎಳೆದವರು ಬೋರಯ್ಯ." ತಂಡಗಳ ಹೆಸರಿಲ್ಲ, ಅತಿಥಿಗಳ ಹೆಸರಿಲ್ಲ, ಸುಣ್ಣದ ಪುಡಿ ಹಿಡಿದುಕೊಂಡು ಬಗ್ಗಿ ಬಗ್ಗಿ ಗೆರೆ ಎಳೆದ ಬೋರಯ್ಯನ ಹೆಸರು! ಪಂದ್ಯ ಮುಗಿದ ಮೇಲೆ ಕೇಳಿದ್ದಕ್ಕೆ, "ಗೆರೆ ಇಲ್ದಿದ್ರೆ ಅದು ಆಟ ಯಾಕಾಯ್ತದೆ, ಬರೀ ಓಡಾಟ ಆಯ್ತದೆ. ಮೊದ್ಲು ಬಂದು ಮೈದಾನಕ್ಕೆ ಬಗ್ಗಿದವ್ನು ಯಾರು? ಅವ್ನ ಹೆಸ್ರು ಮೊದ್ಲು" ಎಂದಿರಿ. ಆಮೇಲೆ ಎಷ್ಟು ವರ್ಷ, ಎಷ್ಟು ಪಂದ್ಯ. ಖೋ-ಖೋ ಇರಲಿ, ಕಬಡ್ಡಿ ಇರಲಿ, ಗೆರೆಯಿಂದಲೇ ಶುರು. ಕುಸ್ತಿಯಾದರೆ ಅಖಾಡದ ಮಣ್ಣು ಹದ ಮಾಡಿದವರಿಂದ. ಬೋರಯ್ಯನ ಹೆಂಡತಿ ಮೇಟಗಳ್ಳಿಯ ಮನೆಯಲ್ಲಿ ಆ ಒಂದು ವಾಕ್ಯ ಕೇಳಿ ರೇಡಿಯೊ ಆರಿಸಿ ಅಡುಗೆಗೆ ಹೋಗುತ್ತಿದ್ದಳಂತೆ, ಯಾರು ಗೆದ್ದರೆ ಅವಳಿಗೇನು.

ಎಲ್ಲರ ಹೆಸರು ಹೇಳಿದಿರಿ. ನಿಮ್ಮದು? ಪಂದ್ಯ ಮುಗಿದಾಗ ಉದ್ಘೋಷಕಿ ಹೇಳುತ್ತಿದ್ದುದು ಈಗಲೂ ಕಿವಿಯಲ್ಲಿದೆ: "ಇದುವರೆಗೆ ವೀಕ್ಷಕ ವಿವರಣೆ ನೀಡಿದವರು ನಮ್ಮ ಪ್ರತಿನಿಧಿ." ಪಟ್ಟಿಯಲ್ಲಿ ಇಲ್ಲದ ವಿವರಣೆಕಾರರ ಹೆಸರು ಗಾಳಿಗೆ ಹೋಗಕೂಡದು ಎಂಬುದು ಅವರ ನಿಯಮ. ನಿಲಯದವರು ಒಪ್ಪಿ ಪಟ್ಟಿಗೆ ಸೇರಿಸಿಕೊಂಡವರಿಗೆ ಮಾತ್ರ ಹೆಸರು, ಮಿಕ್ಕವರೆಲ್ಲ ಪ್ರತಿನಿಧಿಗಳು. ಯಾರ ಪ್ರತಿನಿಧಿ ಮೇಷ್ಟ್ರೇ ನೀವು? ಕೊರಳು ನಿಮ್ಮದು, ಉಸಿರು ನಿಮ್ಮದು, ಹೆಸರಿನ ಜಾಗದಲ್ಲಿ ಮಾತ್ರ ಒಂದು ಸರ್ಕಾರಿ ಪದ. ನಿಮ್ಮ ಪಕ್ಕದಲ್ಲಿ ಕೂತು ಚೀಟಿ ತಳ್ಳುತ್ತಿದ್ದ ನಾನು ಎರಡೇ ವರ್ಷಕ್ಕೆ ಪಟ್ಟಿ ಸೇರಿದೆ. "ವೀಕ್ಷಕ ವಿವರಣೆ, ಜಯಲಕ್ಷ್ಮಿ" ಎಂದು ಉದ್ಘೋಷಕಿ ಮೊದಲ ಸಲ ಹೇಳಿದಾಗ ನಮ್ಮ ಬೀದಿಯಲ್ಲಿ ಅಪ್ಪ ಸಕ್ಕರೆ ಹಂಚಿದ್ದರು. ಧ್ವನಿ ಪರೀಕ್ಷೆಯಲ್ಲಿ ಹದಿನಾರು ಜನರಲ್ಲಿ ನಾನೊಬ್ಬಳೇ ಗೆದ್ದೆ ಎಂದು ಇಷ್ಟು ವರ್ಷ ಎದೆ ಉಬ್ಬಿಸಿಕೊಂಡು ತಿರುಗಿದ್ದೇನೆ. ಈ ವಿಷಯಕ್ಕೆ ಆಮೇಲೆ ಬರುತ್ತೇನೆ.

ಆ ಖೋ-ಖೋ ಫೈನಲ್ಲಿನ ದಿನ ನಾನು ನಿಮ್ಮ ಬಲಕ್ಕೆ ಕೂತಿದ್ದೆ. ಕೊನೆಯ ನಿಮಿಷ, ಒಂದೇ ಅಂಕ ಬೇಕು. ನಮ್ಮ ಹುಡುಗಿ ಕಂಬದ ಹತ್ತಿರ ಜಾರಿ ಮುಗ್ಗರಿಸಿದವಳು ನೆಲದ ಮೇಲಿಂದಲೇ ಕೈ ಚಾಚಿದಳು. ಬೇರೆ ಯಾರಾದರೂ ಆಗಿದ್ದರೆ ಕಿರುಚಿ ಮೈಕು ಹರಿಯುತ್ತಿದ್ದರು. ನೀವು ಮಾತು ನಿಲ್ಲಿಸಿಬಿಟ್ಟಿರಿ. ಗಾಳಿಯಲ್ಲಿ ಬರೀ ಮೈದಾನದ ಸದ್ದು. ವಿಷಲ್ಲು ಕೇಳಿಸಿತು. ಆಮೇಲೆ ಮೆಲ್ಲಗೆ, "ಮುಟ್ಟಿದಳು" ಎಂದಿರಿ. ಅಷ್ಟೇ. ಆ ಒಂದು ಪದಕ್ಕೆ ಊರೆಲ್ಲ ಕುಣಿಯಿತು. ಅಂದಿನಿಂದ ವರ್ಷಕ್ಕೊಮ್ಮೆ ಆ ಟೇಪನ್ನು ಹಾಕುತ್ತಲೇ ಇದ್ದಾರೆ. ಹಾಕಿದಾಗಲೆಲ್ಲ "ನಮ್ಮ ನಿಲಯದ ಸಂಗ್ರಹದಿಂದ" ಎನ್ನುತ್ತಾರೆ. ನೀವು ಅದನ್ನು ಬಸ್ ನಿಲ್ದಾಣದ ಟೀ ಅಂಗಡಿಯಲ್ಲಿ ನಿಂತು ಕೇಳಿದ್ದೂ ಉಂಟಂತೆ, ಇದು ನನ್ನದು ಎಂದು ಪಕ್ಕದವನಿಗೂ ಹೇಳದೆ.

ಈ ವರ್ಷ ನಿಲಯಕ್ಕೆ ಬೆಳ್ಳಿಹಬ್ಬ. ಹೋದ ತಿಂಗಳು ಒಂದು ಮಧ್ಯಾಹ್ನ ನನ್ನನ್ನು ಕರೆದು ದಪ್ಪ ಕಾಗದದ ಕಟ್ಟು ಕೈಗೆ ಕೊಟ್ಟರು. "ನಿಲಯದ ಇತಿಹಾಸ ಬರ್ಸಿದೀವಿ, ನೀವು ಹಳಬ್ರು, ತಪ್ಪೊಪ್ಪು ನೋಡ್ಕೊಡಿ" ಎಂದರು ಈಗಿನ ಅಧಿಕಾರಿ, ಒಳ್ಳೆಯ ಇಸ್ತ್ರಿ ಅಂಗಿಯ ಸಣ್ಣ ವಯಸ್ಸಿನವರು. ಗ್ಯಾಲರಿ ಕೆಳಗಿಂದ ಹೊಸ ಕಟ್ಟಡಕ್ಕೆ ಬಂದ ಮೇಲೆ ನಿಲಯದಲ್ಲಿ ಎಲ್ಲವೂ ಇಸ್ತ್ರಿಯೇ ಮೇಷ್ಟ್ರೇ, ಆಟ ಒಂದು ಬಿಟ್ಟು. ಶಾಲಾ ಪಂದ್ಯಗಳು ನಿಂತವು, ಕುಸ್ತಿ ನಿಂತಿತು. ಈಗ ದಿನವೆಲ್ಲ ಬೇರೆ ಊರಿನ ಕ್ರಿಕೆಟ್ಟಿನ ಸುದ್ದಿ, ನಡುವೆ ಸಿನಿಮಾ ಹಾಡು. ಇರಲಿ. ಪುಟ ತಿರುಗಿಸಿದೆ. ರಿಬ್ಬನ್ ಕತ್ತರಿಸುವ ಮಂತ್ರಿಗಳು, ಮತ್ತೆ ಮಂತ್ರಿಗಳು, ಪ್ರಸಾರ ಗೋಪುರಕ್ಕೆ ಮೂರು ಫೋಟೊ. ನಿಮ್ಮ ಖೋ-ಖೋ ಫೈನಲ್ಲಿಗೆ ಇಡೀ ಒಂದು ಪುಟ ಇತ್ತು. ಸಂತೋಷವಾಗಿ ಓದಿದೆ. "ನಿಲಯದ ಮೊದಲ ನಿರ್ದೇಶಕರು ಸ್ವತಃ ನೀಡಿದ ಅವಿಸ್ಮರಣೀಯ ವೀಕ್ಷಕ ವಿವರಣೆ" ಎಂದಿತ್ತು.

ನಾನು ಆ ಕಟ್ಟನ್ನು ಅವರ ಮೇಜಿನ ಮೇಲೆ ಬಿಸಾಡಿದೆ. ಹೌದು, ಬಿಸಾಡಿದೆ. ನೀವಾಗಿದ್ದರೆ ಮೆಲ್ಲಗೆ ಇಡುತ್ತಿದ್ದಿರಿ.

"ಇದು ಮಾದಯ್ಯ ಮೇಷ್ಟ್ರ ದನಿ ಕಣ್ರೀ. ನಾನು ಪಕ್ಕದಲ್ಲೇ ಕೂತಿದ್ದೆ."

"ಇರ್ಬೋದು ಮೇಡಂ. ಆದ್ರೆ ಟೇಪಿನ ಡಬ್ಬದ ಮೇಲೆ ನಿರ್ದೇಶಕರ ಹೆಸರಿದೆ ನೋಡಿ."

"ಅವತ್ತು ಡ್ಯೂಟಿ ಮೇಲಿದ್ದ ಅಧಿಕಾರಿ ಹೆಸರು ಬರೆಯೋದು ನಿಮ್ಮ ಪದ್ಧತಿ. ಅವರು ಒಳಗೆ ಫ್ಯಾನಿನ ಕೆಳಗೆ ಕೂತಿದ್ರು. ಟೇಪಿನ ಶುರು ಕೇಳಿ, ಗೆರೆ ಎಳೆದವರು ಬೋರಯ್ಯ ಅಂತ ಬರುತ್ತೆ. ಈ ಊರಲ್ಲಿ ಹಾಗೆ ಶುರು ಮಾಡ್ತಿದ್ದೋರು ಇನ್ಯಾರು?"

"ಶುರುವಿನದು ಕಟ್ ಮಾಡಿದೀವಿ ಮೇಡಂ. ಪಂದ್ಯಕ್ಕೆ ಸಂಬಂಧ ಇಲ್ಲದ್ದು ಅಂತ."

ಕತ್ತರಿಸಿದ್ದಾರೆ ಮೇಷ್ಟ್ರೇ! ಬೋರಯ್ಯನನ್ನು ಕತ್ತರಿಸಿ ಕಸಕ್ಕೆ ಹಾಕಿದ್ದಾರೆ. ಅವನ ಜೊತೆಗೆ ನಿಮ್ಮ ಗುರುತೂ ಹೋಯಿತು. ನಾನು ಕೂಗಾಡಿದೆ. ಆತ ಮಾತ್ರ ದನಿ ಏರಿಸದೆ, "ದಾಖಲೆ ಬೇಕು ಮೇಡಂ. ಆ ಹೆಸರು ನಮ್ಮ ಯಾವ ದಾಖಲೆಯಲ್ಲೂ ಇಲ್ಲ. ಬಾಯಿಮಾತಿನ ಮೇಲೆ ಇತಿಹಾಸ ಬರೆಯಕ್ಕಾಗಲ್ಲ" ಎಂದರು.

"ರೇಡಿಯೊ ಅಂದ್ರೆ ಬಾಯಿಮಾತಲ್ದೆ ಮತ್ತೇನ್ರೀ?" ಎಂದು ಕೇಳಿ ಎದ್ದು ಬಂದೆ. ಪುಟ ಮಾತ್ರ ಬದಲಾಗಲಿಲ್ಲ.

ನಾಗರತ್ನ ನಿಮಗೆ ಗೊತ್ತು, ಕಡತ ನೋಡಿಕೊಳ್ಳುವವಳು. ನಿಮಗೆ ಪ್ರತಿ ಸಲವೂ ಟೀ ಜೊತೆ ಎರಡು ಬಿಸ್ಕತ್ತು ಇಡುತ್ತಿದ್ದಳಲ್ಲ, ಅವಳೇ. ಎರಡು ದಿನ ಬಿಟ್ಟು ನನ್ನನ್ನು ಮೂಲೆಗೆ ಕರೆದು, "ಅಕ್ಕಾ, ದಾಖ್ಲೆ ಇಲ್ಲ ಅಂದ್ರಲ್ಲ, ಒಂದೇ ಒಂದು ಐತೆ. ನೋಡ್ಬೇಕಾ ಬ್ಯಾಡ್ವಾ ನೀವೇ ಯೋಚ್ನೆ ಮಾಡಿ" ಎಂದಳು. ಅದರಲ್ಲಿ ಯೋಚನೆ ಏನು? ಕಸಿದುಕೊಂಡೆ. ಒಂದೇ ಹಾಳೆ. ನಿಮ್ಮ ಗುಂಡು ಗುಂಡು ಅಕ್ಷರ, ಹಾಜರಿ ಪುಸ್ತಕದಲ್ಲಿ ಬರೆಯುತ್ತಿದ್ದ ಹಾಗೆಯೇ.

"ಮಾನ್ಯರೇ, ವೀಕ್ಷಕ ವಿವರಣೆಕಾರರ ಪಟ್ಟಿಗೆ ನನ್ನ ಹೆಸರನ್ನು ಸೇರಿಸಲು ತಾವು ಒಪ್ಪಿರುವುದಕ್ಕೆ ಕೃತಜ್ಞನು. ಇರುವುದು ಒಂದೇ ಸ್ಥಾನ ಎಂದು ತಿಳಿಸಿದ್ದೀರಿ. ಆ ಸ್ಥಾನವನ್ನು ನನ್ನ ಶಿಷ್ಯೆ ಕುಮಾರಿ ಜಯಲಕ್ಷ್ಮಿಗೆ ಕೊಡಬೇಕಾಗಿ ಕೋರುತ್ತೇನೆ. ಧ್ವನಿ ಪರೀಕ್ಷೆ ನಡೆಸಿಯೇ ತೆಗೆದುಕೊಳ್ಳಿ, ಅವಳು ನಿಭಾಯಿಸುತ್ತಾಳೆ. ಈ ವಿಷಯ ಅವಳಿಗೆ ತಿಳಿಯುವುದು ಬೇಡ. ನಾನು ಎಂದಿನಂತೆ ಬಂದು ಕೆಲಸ ಮಾಡಿಕೊಂಡು ಹೋಗುತ್ತೇನೆ."

ಕೆಳಗೆ ನಿಮ್ಮ ಸಹಿ. ಮಾದಯ್ಯ, ದೈಹಿಕ ಶಿಕ್ಷಕ.

ನನಗೆ ಆ ಕ್ಷಣ ನೆನಪಾದದ್ದು ಏನು ಗೊತ್ತೇ? ನಾನು ಪಟ್ಟಿ ಸೇರಿ ವರ್ಷವಾಗಿತ್ತು. ಇಬ್ಬರೂ ಬಸ್ಸಿಗೆ ಕಾಯುತ್ತಿದ್ದೆವು, ನೀವು ಕಡಲೆಕಾಯಿ ಸುಲಿದು ನನ್ನ ಕೈಗೆ ಹಾಕುತ್ತಿದ್ದಿರಿ. ನಾನು ದೊಡ್ಡ ಮನುಷ್ಯರ ಹಾಗೆ, "ಮೇಷ್ಟ್ರೇ, ನೀವೂ ಒಂದು ಸಲ ಅರ್ಜಿ ಹಾಕಿ. ಪರೀಕ್ಷೆ ಅಷ್ಟೇನೂ ಕಷ್ಟ ಇಲ್ಲ. ನಾನು ಬೇಕಾದ್ರೆ ಹೇಳಿಕೊಡ್ತೀನಿ" ಎಂದೆ. ನಾನು! ನಿಮಗೆ! ನೀವು ನಕ್ಕು, "ನನ್ಗೆ ಅದೆಲ್ಲ ಆಗಲ್ಲ ಕಣಮ್ಮ, ನೀನು ಮಾಡ್ತಿದೀಯಲ್ಲ, ಸಾಕು" ಎಂದಿರಿ. ಇನ್ನೂ ನಾಲ್ಕು ಕಡಲೆಕಾಯಿ ಕೊಟ್ಟಿರಿ. ಆಗ ಒಂದು ಏಟು ಹಾಕಬಾರದಿತ್ತೇ? ಕಡೇಪಕ್ಷ ಸುಮ್ಮನಿರು ಅನ್ನಬಾರದಿತ್ತೇ? ನಿಮ್ಮ ಆ ನಗು ನೆನೆದರೆ ಈಗ ನಾಚಿಕೆಯಿಂದ ಮುಖ ಮುಚ್ಚಿಕೊಳ್ಳುವ ಹಾಗಾಗುತ್ತದೆ, ಆಮೇಲೆ ಅದೇ ನಾಚಿಕೆ ಸಿಟ್ಟಾಗುತ್ತದೆ. ನನ್ನನ್ನು ಕೇಳಿದ್ದಿರಾ ನೀವು? ಬೇಕು ಅಂದಿದ್ದೆನಾ ನಾನು? ದೊಡ್ಡತನ ಮಾಡುವವರಿಗೆ ಮಾಡಿ ಮರೆತುಬಿಡುವುದು ಸುಲಭ ಮೇಷ್ಟ್ರೇ. ಅದರ ಕೆಳಗೆ ನಿಂತುಕೊಂಡಿದ್ದೇನೆ ಎಂದು ಇಪ್ಪತ್ತು ವರ್ಷದ ಮೇಲೆ ತಿಳಿಯುವವರ ಗತಿ...

ಅವತ್ತೇ ಇಲವಾಲಕ್ಕೆ, ನಿಮ್ಮ ಮನೆಗೆ ಹೋದೆ. ಅಮ್ಮನವರು ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ನಿಮ್ಮ ವಿಷಲ್ಲು ಈಗಲೂ ಅದೇ ಮೊಳೆಗೆ ನೇತಾಡುತ್ತಿದೆ. ಚಪ್ಪಲಿಯನ್ನೂ ಬಿಡದೆ ಕೇಳಿದೆ, ನಿಮಗೆ ಇದು ಗೊತ್ತಿತ್ತಾ ಎಂದು. ಅವರು ಹಾಳೆ ಓದಿ, ಮಡಿಚಿ, ಅವರೆಕಾಯಿಯ ಮೊರದ ಪಕ್ಕ ಇಟ್ಟರು.

"ಗೊತ್ತಿತ್ತು ಕಣವ್ವ. ಎಲ್ಡು ದಿನ ಮಾತಾಡ್ಲಿಲ್ಲ ನಾನು ಅವ್ರ ಕುಟೆ. ಒಂದೇ ಒಂದ್ಸಲ ರೇಡಿಯೋದಲ್ಲಿ ಅವ್ರೆಸ್ರು ಕೇಳ್ಬೇಕು ಅಂತ ನಂಗೂ ಆಸೆ ಇತ್ತು, ಆಸೆ ಇರಲ್ವಾ? ಅದುಕ್ಕೆ ಏನಂದ್ರು ಗೊತ್ತಾ? ಹುಡ್ಗೀರ ಆಟಾನ ಹೇಳಕ್ಕೆ ಒಂದು ಹುಡ್ಗಿ ಬೇಕು, ನಾನು ಎಷ್ಟು ದಿನ ಹೇಳ್ಳಿ ಅಂದ್ರು."

"ನೀವಾದ್ರೂ ನನಗೆ ಹೇಳಬಾರದಿತ್ತಾ ಅಮ್ಮ?"

"ಹೇಳಿದ್ರೆ ನೀನು ಆ ಜಾಗದಲ್ಲಿ ಕೂತ್ಕತಿದ್ದಾ? ಎದ್ದು ಬಂದ್ಬುಡ್ತಿದ್ದೆ. ಇಬ್ಬರ ಹೆಸ್ರೂ ಇರ್ತಿರ್ಲಿಲ್ಲ ಆವಾಗ."

ಹೊರಡುವಾಗ ಅಮ್ಮನವರು ಒಂದು ಮಾತು ಕೇಳಿದರು, ನನ್ನ ಮುಖ ನೋಡದೆ, ಅವರೆಕಾಯಿ ನೋಡಿಕೊಂಡು. "ಆ ಪುಸ್ತಕದಲ್ಲಿ ಅವ್ರೆಸ್ರು ಹಾಕದೇ ಇಲ್ವಾ ಹಂಗಾರೆ?" ಮೊರದ ಪಕ್ಕದ ಹಾಳೆ ಎತ್ತಿ ಚೀಲಕ್ಕೆ ಹಾಕಿಕೊಂಡೆ. ಬಸ್ಸಿನಲ್ಲಿ ಬರುತ್ತ ಲೆಕ್ಕ ಹಾಕಿದೆ. ನಿಮ್ಮ ಹೆಸರಿರುವ ಕಾಗದ ಇಡೀ ನಿಲಯದಲ್ಲಿ ಒಂದೇ. ಅದನ್ನು ಹೊರಗೆ ಹಿಡಿದರೆ ನಿಮ್ಮ ಹೆಸರು ಬರುತ್ತದೆ. ಜೊತೆಗೆ ನಾನು ಎದೆ ಉಬ್ಬಿಸಿಕೊಂಡು ಹೇಳಿಕೊಂಡು ಬಂದ ಗೆಲುವು ಹೋಗುತ್ತದೆ. ನಾನು ಪಾಠ ಮಾಡುವ ಶಾಲೆಯ ಹುಡುಗಿಯರಿಗೆ, ಹದಿನಾರು ಜನರಲ್ಲಿ ಒಬ್ಬಳೇ, ಎಂದು ಎಷ್ಟು ಸಲ ಹೇಳಿದ್ದೇನೋ. ಒಂದು ನಿಜ ಒಪ್ಪಿಕೊಳ್ಳುತ್ತೇನೆ ಮೇಷ್ಟ್ರೇ, ನಿಮಗಲ್ಲದೆ ಯಾರಿಗೆ ಹೇಳಲಿ. ಆ ಹಾಳೆಯನ್ನು ಹರಿದು ಕಿಟಕಿಯಿಂದ ಆಚೆ ಹಾಕಿಬಿಡೋಣ ಅಂತಲೂ ಅನ್ನಿಸಿತು. ಎರಡು ನಿಲ್ದಾಣ ದಾಟುವವರೆಗೂ ಅನ್ನಿಸುತ್ತಲೇ ಇತ್ತು.

ಬೆಳ್ಳಿಹಬ್ಬದ ದಿನ ಹಳೆಯ ಮೈದಾನದಲ್ಲೇ ಹುಡುಗಿಯರ ಖೋ-ಖೋ ಫೈನಲ್ ಇಟ್ಟಿದ್ದರು. ನೇರ ಪ್ರಸಾರ, ವಿವರಣೆ ನನ್ನದು. ಬೆಳಿಗ್ಗೆ ಬೇಗ ಹೋದೆ. ಈಗ ಗೆರೆ ಎಳೆಯುವುದು ಗುತ್ತಿಗೆಯ ಕೆಲಸ. ಒಬ್ಬ ಹೆಂಗಸು ಸೆರಗು ಸಿಕ್ಕಿಸಿಕೊಂಡು ಸುಣ್ಣ ಸುರಿಯುತ್ತಿದ್ದಳು. ನಿನ್ನ ಹೆಸರೇನಮ್ಮ ಎಂದರೆ ಗಾಬರಿಯಾದಳು. "ನನ್ನೆಸ್ರು ಯಾಕಕ್ಕಾ? ಗೆರೆ ಏನಾರ ಸೊಟ್ಟ ಆಯ್ತಾ? ಇನ್ನೊಂದಪ ಎಳೀತೀನಿ ಬುಡಿ" ಎಂದಳು. ಹೆಸರು ಕೇಳಿದರೆ ದೂರು ಹೇಳಲಿಕ್ಕೇ ಎಂದುಕೊಳ್ಳುವ ಹಾಗೆ ಮಾಡಿಬಿಟ್ಟಿದ್ದಾರಲ್ಲ, ಅದೂ ನನ್ನ ಸಿಟ್ಟಿಗೆ ಸೇರಿಕೊಂಡಿತು.

ಮೈಕು ತೆರೆಯಿತು. ನನ್ನ ಮುಂದೆ ಅಧಿಕಾರಿ ಕಳಿಸಿದ ಗಣ್ಯರ ಪಟ್ಟಿ ಇತ್ತು. ಅದನ್ನು ಪಕ್ಕಕ್ಕೆ ಸರಿಸಿದೆ. "ಇವತ್ತು ಮೈದಾನಕ್ಕೆ ಗೆರೆ ಎಳೆದವರು ಮಂಜುಳ" ಎಂದೆ. ಮೊದಲ ಸರದಿ ಮುಗಿದಾಗ ನಿಮ್ಮ ಟೇಪು ಹಾಕಿದರು, ನಿರ್ದೇಶಕರ ಹೆಸರು ಹೇಳಿಯೇ ಹಾಕಿದರು. "ಮುಟ್ಟಿದಳು" ಎಂದು ಕೇಳಿದ ಮೇಲೆ ಮೈಕು ನನಗೆ ಬಂತು. ನಾನು ನಿಮ್ಮ ಕಾಗದ ಬಿಚ್ಚಿ, ಮಾನ್ಯರೇ ಎಂಬಲ್ಲಿಂದ ನಿಮ್ಮ ಸಹಿಯವರೆಗೆ ಒಂದು ಅಕ್ಷರ ಬಿಡದೆ ಓದಿದೆ. ಆಮೇಲೆ ಹೇಳಿದೆ: "ಈಗ ನೀವು ಕೇಳಿದ ದನಿ ಈ ಮಾದಯ್ಯ ಮೇಷ್ಟ್ರದು. ಅವರು ಬಿಟ್ಟುಕೊಟ್ಟ ಜಾಗದಲ್ಲಿ ಕೂತು ಮಾತಾಡುತ್ತಿರುವವಳು ನಾನು." ವಿವರಣೆ ಕೋಣೆಯ ಗಾಜಿನ ಆಚೆ ಅಧಿಕಾರಿ ಕೈ ಬೀಸುತ್ತಿದ್ದರು. ಎಂಜಿನಿಯರು ಹಳೆಯ ಮನುಷ್ಯ, ನಿಮ್ಮ ಕಾಲದವರು. ತಲೆ ಬಗ್ಗಿಸಿಕೊಂಡು ಅವರ ಕಡೆ ನೋಡಲೇ ಇಲ್ಲ. ಎರಡನೆಯ ಸರದಿ ಶುರುವಾಯಿತು, ನಾನು ಆಟ ಹೇಳಲು ಶುರು ಮಾಡಿದೆ.

ಮೂರನೆಯ ದಿನ ನೋಟಿಸು ಬಂತು. ಕಡತದ ಕಾಗದವನ್ನು ಅನುಮತಿಯಿಲ್ಲದೆ ಓದಿದ್ದಕ್ಕೆ ಪಟ್ಟಿಯಿಂದ ನನ್ನ ಹೆಸರನ್ನು ಏಕೆ ತೆಗೆಯಬಾರದು, ಹದಿನೈದು ದಿನದೊಳಗೆ ಉತ್ತರಿಸಿ ಎಂದು. ಕಾಗದ ಯಾರು ಕೊಟ್ಟರು ಎಂದೂ ಕೇಳಿದ್ದಾರೆ, ಅದನ್ನು ಅವರು ನನ್ನ ಬಾಯಿಂದ ಕೇಳಲಾರರು. ಆದರೆ ಎರಡನೆಯ ಸಾಲು ನೋಡಿ ಮೇಷ್ಟ್ರೇ. ಅದಕ್ಕಾಗಿಯೇ ಈ ಪತ್ರ. "ಸದರಿ ವೀಕ್ಷಕ ವಿವರಣೆಯನ್ನು ನೀಡಿದರೆನ್ನಲಾದ ಶ್ರೀ ಮಾದಯ್ಯ, ದೈಹಿಕ ಶಿಕ್ಷಕ, ಇವರ ಪತ್ರವನ್ನು..." ನಿಲಯದ ತಲೆಬರಹದ ಕೆಳಗೆ, ಕಡತದ ಸಂಖ್ಯೆ ಹಾಕಿ, ಸಹಿ ಹಾಕಿ, ಮೊಹರು ಒತ್ತಿ. ದಾಖಲೆ ಇಲ್ಲ ಎಂದವರೇ ದಾಖಲೆ ಮಾಡಿದ್ದಾರೆ. ನನ್ನ ಮೇಲೆ ತಪ್ಪು ಹೊರಿಸಬೇಕಾದರೆ ಮೊದಲು ನಿಮ್ಮ ಹೆಸರು ಬರೆಯಬೇಕಾಯಿತು ಅವರಿಗೆ.

ನಿನ್ನೆ ಅದರ ನಕಲು ತೆಗೆದುಕೊಂಡು ಇಲವಾಲಕ್ಕೆ ಹೋಗಿ ಅಮ್ಮನವರಿಗೆ ಆ ಸಾಲು ಓದಿದೆ. ಇನ್ನೊಂದು ಸಲ ಓದು ಎಂದರು. ಓದಿದೆ. ಹಾಳೆಯನ್ನು ನಿಮ್ಮ ವಿಷಲ್ಲಿನ ಮೊಳೆಗೇ ಸಿಕ್ಕಿಸಿದ್ದಾರೆ. ನಾಳೆ ನಾನು ಉತ್ತರ ಕೊಡುತ್ತೇನೆ. ಧಾರಾಳವಾಗಿ ನನ್ನ ಹೆಸರು ತೆಗೆಯಿರಿ, ಆದರೆ ತೆಗೆಯುವಾಗ ಆ ಸ್ಥಾನ ಮೊದಲು ಯಾರದಿತ್ತು ಎಂದು ಅದರ ಎದುರಿಗೆ ಬರೆಯಿರಿ ಎಂದು ಬರೆದಿಟ್ಟಿದ್ದೇನೆ. ಇನ್ನು ಮುಂದೆ ನನ್ನ ದನಿ ಅಲ್ಲಿ ಕೇಳಿಸದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ನೀವು ನನ್ನನ್ನು ಕೇಳದೆ ಕೊಟ್ಟಿರಿ. ನಾನೂ ನಿಮ್ಮನ್ನು ಕೇಳದೆ ವಾಪಸ್ಸು ಕೊಡುತ್ತಿದ್ದೇನೆ.

ಇನ್ನೂ ಸಿಟ್ಟಿನಲ್ಲೇ ಇರುವ ನಿಮ್ಮ,
ಜಯಲಕ್ಷ್ಮಿ